ಚದುರಂಗದ ನಿಯಮ ಸಾವಿರಾರು ವರ್ಷಗಳಿಂದ ಬದಲಾಗಿಲ್ಲವೇ? ಹೊಸ ಕಾಯಿ ಕಟ್ಟುವುದು ತಪ್ಪೇ?

‘ಚದುರಂಗವನ್ನು ಜಗತ್ತಿಗೆ ಕೊಟ್ಟವರು ನಮ್ಮ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು. ಸಾವಿರಾರು ವರ್ಷಗಳಿಂದ ಅದರ ಒಂದೇ ಒಂದು ನಿಯಮವೂ ಬದಲಾಗಿಲ್ಲ. ಹೆಮ್ಮೆಯಿದ್ದರೆ ಹತ್ತು ಗ್ರೂಪಿಗೆ ಕಳಿಸಿ.’ ಹೀಗೊಂದು ಸಂದೇಶ ನಮ್ಮ ಮನೆಯವರ ವಾಟ್ಸಾಪ್ ಗ್ರೂಪಿಗೆ ಬಂತು. ಕಳಿಸಿದವರು ಕೆ.ಆರ್. ಪೇಟೆಯಲ್ಲಿರುವ ನಮ್ಮ ಚಿಕ್ಕಪ್ಪ.

ಸಂದೇಶದ ಎರಡು ವಾಕ್ಯಗಳು ಒಂದಕ್ಕೊಂದು ಹೊಂದುವುದಿಲ್ಲ ಎಂಬುದನ್ನು ಯಾರೂ ಗಮನಿಸಲಿಲ್ಲ. ಮುಮ್ಮಡಿಯವರು ಇದ್ದದ್ದು ಇನ್ನೂರು ವರ್ಷಗಳ ಹಿಂದೆ. ಅವರೇ ಕಂಡುಹಿಡಿದಿದ್ದರೆ ಆಟಕ್ಕೆ ‘ಸಾವಿರಾರು ವರ್ಷ’ ಆಗುವುದು ಹೇಗೆ?

ಇದನ್ನು ನಕ್ಕು ಬಿಟ್ಟುಬಿಡಬಹುದಿತ್ತು. ಆದರೆ ಅದೇ ವಾರ ಪಾಂಡವಪುರದ ಹತ್ತಿರ ನಮ್ಮ ದೊಡ್ಡಮ್ಮನ ಮನೆಯಲ್ಲಿ ಆರನೇ ಕ್ಲಾಸಿನ ಹುಡುಗನೊಬ್ಬ, ಅಕ್ಕನ ಮಗ, ಚೆಸ್ ಹಾಸಿನ ಮುಂದೆ ಕೂತಿದ್ದ. ಕುದುರೆ ಕಾಯಿ ಕಳೆದುಹೋಗಿತ್ತು. ಅದರ ಜಾಗಕ್ಕೆ ಸೋಡಾ ಬಾಟಲಿಯ ಮುಚ್ಚಳ ಇಟ್ಟುಕೊಂಡು, ‘ಇದು ಕುದುರೆ ಅಲ್ಲ, ಮೊಸಳೆ. ಇದರ ನಡೆಯೇ ಬೇರೆ’ ಎನ್ನುತ್ತಿದ್ದ. ರಜಕ್ಕೆ ಬಂದಿದ್ದ ಚಿಕ್ಕಪ್ಪ ಗದರಿದರು: ‘ಸಾವಿರಾರು ವರ್ಷದಿಂದ ಬಂದಿರೋ ಆಟ ಕಣಪ್ಪ ಇದು. ನಿನ್ನಿಷ್ಟಕ್ಕೆ ಆಡೋಕಾಗಲ್ಲ. ಗ್ರೂಪಲ್ಲಿ ಹಾಕಿದ್ದೀನಿ, ಓದು.’ ಹುಡುಗ ಮುಚ್ಚಳವನ್ನು ಜೇಬಿಗೆ ಹಾಕಿಕೊಂಡು ಎದ್ದುಹೋದ.

ತಪ್ಪು ಫಾರ್ವರ್ಡ್‌ನಿಂದ ಯಾರಿಗೇನು ನಷ್ಟ ಎಂದು ಕೇಳುವವರಿಗೆ ಇದೇ ಉತ್ತರ. ಹಾಗಾಗಿ ಚದುರಂಗದ ಕಾಯಿಗಳು ನಿಜಕ್ಕೂ ಹೇಗೆ ಬಂದವು, ಹೇಗೆ ಬದಲಾದವು, ಹೊಸ ಕಾಯಿ ಕಟ್ಟುವುದು ಹೇಗೆ ಎಂದು ನೋಡೋಣ.

ಒಂದೇ ನೋಟಕ್ಕೆ

- ಚದುರಂಗ ಭಾರತದ್ದು ಎಂಬುದು ಬಹುತೇಕ ಇತಿಹಾಸಕಾರರು ಒಪ್ಪುವ ಮಾತು. ಮುಮ್ಮಡಿಯವರು ಅದನ್ನು ಕಂಡುಹಿಡಿದರು ಎಂಬುದು ತಪ್ಪು.
- ‘ನಿಯಮ ಬದಲಾಗಿಲ್ಲ’ ಎಂಬುದು ಸಂಪೂರ್ಣ ತಪ್ಪು. ಇಂದಿನ ರಾಣಿ (ಮಂತ್ರಿ) ಮತ್ತು ಒಂಟೆಯ ನಡೆಗಳು ಸುಮಾರು 550 ವರ್ಷಗಳಷ್ಟು ಹಳೆಯವು, ಅಷ್ಟೇ.
- ಹೊಸ ಕಾಯಿ ಕಟ್ಟುವುದು ಈ ಆಟದಷ್ಟೇ ಹಳೆಯ ಹವ್ಯಾಸ.
- ಹೊಸದನ್ನು ಕಟ್ಟಿ ‘ಪುರಾತನ’ ಎಂದು ಹೇಳುವುದು ಮಾತ್ರ ತಪ್ಪು.

ಮುಮ್ಮಡಿಯವರು ಮಾಡಿದ್ದು ಏನು?

ಮುಮ್ಮಡಿ ಕೃಷ್ಣರಾಜ ಒಡೆಯರು ಹುಟ್ಟಿದ್ದು 1794ರಲ್ಲಿ, ಶ್ರೀರಂಗಪಟ್ಟಣದಲ್ಲಿ. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ, ಐದು ವರ್ಷದ ಮಗುವಾಗಿದ್ದಾಗ ಮೈಸೂರಿನಲ್ಲಿ ಅವರಿಗೆ ಪಟ್ಟ ಕಟ್ಟಲಾಯಿತು. 1831ರಲ್ಲಿ ಬ್ರಿಟಿಷರು ಆಡಳಿತವನ್ನು ತಮ್ಮ ಕೈಗೆ ತೆಗೆದುಕೊಂಡರು. 1868ರಲ್ಲಿ ತೀರಿಕೊಳ್ಳುವವರೆಗೂ ಅಧಿಕಾರ ಅವರಿಗೆ ಮರಳಿ ಸಿಗಲಿಲ್ಲ. ಆದರೆ ಅವರ ಅರಮನೆ ಸಾಹಿತ್ಯ, ಚಿತ್ರಕಲೆ, ಸಂಗೀತ ಮತ್ತು ಆಟಗಳ ದೊಡ್ಡ ಕೇಂದ್ರವಾಗಿ ಬೆಳೆಯಿತು.

ಅವರ ಹೆಸರಿನಲ್ಲಿರುವ ‘ಶ್ರೀತತ್ವನಿಧಿ’ ಒಂಬತ್ತು ಭಾಗಗಳ ಸಚಿತ್ರ ಗ್ರಂಥ. ಅದರ ಕೊನೆಯ ಭಾಗ ‘ಕೌತುಕ ನಿಧಿ’ಯಲ್ಲಿ ಆಟಗಳ ವಿಷಯ ಬರುತ್ತದೆ. ಗಂಜೀಫಾ ಎಂಬ ಕೈಯಲ್ಲಿ ಬರೆದ ಚಿತ್ರದ ಎಲೆಗಳ ಆಟಕ್ಕೆ ಅವರು ಹೊಸ ಹೊಸ ರೂಪಗಳನ್ನು ಕಟ್ಟಿದರು. ಕೆಲವಕ್ಕೆ 18 ಪಂಗಡಗಳು, 360 ಎಲೆಗಳವರೆಗೆ ಬೇಕಾಗುತ್ತಿದ್ದವು. ನಾವು ಆಡುವ ಇಸ್ಪೀಟಿನಲ್ಲಿ ಪಂಗಡ 4, ಎಲೆ 52. ವ್ಯತ್ಯಾಸ ನೀವೇ ನೋಡಿ.

ಚದುರಂಗದಲ್ಲಿ ಅವರಿಗೆ ಹಿಡಿಸಿದ ಕಾಯಿ ಕುದುರೆ. ಖಾಲಿ ಹಾಸಿನ ಮೇಲೆ ಕುದುರೆಯನ್ನು ಅದರದೇ ನಡೆಯಲ್ಲಿ ಓಡಿಸಿ, 64 ಮನೆಗಳನ್ನೂ ಒಂದೊಂದು ಸಲ ಮಾತ್ರ ಮುಟ್ಟಿಸಬೇಕು. ಇದು ಹಳೆಯ ಒಗಟು. 9ನೇ ಶತಮಾನದ ಕಾಶ್ಮೀರದ ರುದ್ರಟ ತನ್ನ ‘ಕಾವ್ಯಾಲಂಕಾರ’ದಲ್ಲೇ ಕುದುರೆ ನಡೆಯ ಪದ್ಯ ಬರೆದಿದ್ದಾನೆ. ಮುಮ್ಮಡಿಯವರು ಕಟ್ಟಿದ ಕುದುರೆ ಓಟಗಳನ್ನು ಈ ಒಗಟಿನ ಇತಿಹಾಸ ಬರೆಯುವವರು ಇಂದಿಗೂ ಹೆಸರಿಸುತ್ತಾರೆ.

ಈ ಒಗಟು ಎಷ್ಟು ಆಳ ಎಂದರೆ, ಓಟದ ಕ್ರಮದಲ್ಲಿ ಮನೆಗಳಿಗೆ 1ರಿಂದ 64ರವರೆಗೆ ಅಂಕಿ ಬರೆದಾಗ ಪ್ರತಿ ಅಡ್ಡ ಸಾಲು ಮತ್ತು ಪ್ರತಿ ಉದ್ದ ಸಾಲಿನ ಮೊತ್ತ 260 ಬರುವಂಥ ಓಟಗಳೂ ಇವೆ. ಎರಡು ಓರೆ ಸಾಲುಗಳ ಮೊತ್ತವೂ 260 ಆಗುವ ಓಟ ಸಾಧ್ಯವೇ? ಇಲ್ಲ ಎಂದು ಕಂಪ್ಯೂಟರ್ ಹುಡುಕಾಟದಿಂದ ಖಚಿತವಾಗಿದ್ದು 2003ರಲ್ಲಿ.

ಅಂದರೆ ‘ಚದುರಂಗ ಕಂಡುಹಿಡಿದರು’ ಎಂಬ ಸುಳ್ಳು ಹೊಗಳಿಕೆಯ ಅಡಿಯಲ್ಲಿ ಅವರ ನಿಜವಾದ ಕೆಲಸ ಮುಚ್ಚಿಹೋಗುತ್ತಿದೆ. ಇದ್ದ ಆಟವನ್ನು ಇದ್ದ ಹಾಗೇ ಇಟ್ಟುಕೊಂಡವರಲ್ಲ ಅವರು. ಬಿಚ್ಚಿ, ಹಿಗ್ಗಿಸಿ, ಹೊಸದಾಗಿ ಕಟ್ಟಿದವರು. ನಮ್ಮ ಹುಡುಗ ಮುಚ್ಚಳದಲ್ಲಿ ಮಾಡಲು ಹೊರಟದ್ದೂ ಅದನ್ನೇ.

ಹಾಗಾದರೆ ಚದುರಂಗ ಎಷ್ಟು ಹಳೆಯದು?

7ನೇ ಶತಮಾನದ ಬಾಣಭಟ್ಟನ ‘ಹರ್ಷಚರಿತ’ದಲ್ಲಿ ಚತುರಂಗದ ಉಲ್ಲೇಖವಿದೆ. ಆನೆ, ಕುದುರೆ, ರಥ, ಕಾಲಾಳು ಎಂಬ ಸೇನೆಯ ನಾಲ್ಕು ಅಂಗಗಳಿಂದ ಈ ಹೆಸರು ಬಂತು. ಕನ್ನಡ ನೆಲದಲ್ಲೂ ಹಳೆಯ ದಾಖಲೆಯಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಅರಸರ ವಿನೋದಗಳ ಪಟ್ಟಿಯಲ್ಲಿ ಚದುರಂಗವೂ ಸೇರಿದೆ. ಮುಮ್ಮಡಿಯವರು ಹುಟ್ಟುವುದಕ್ಕೆ ಆರೂವರೆ ಶತಮಾನ ಮೊದಲಿನ ಮಾತಿದು.

‘ನಿಯಮ ಬದಲಾಗಿಲ್ಲ’ ನಿಜವೇ?

ಇಲ್ಲ. ಮೂರು ಉದಾಹರಣೆ ಸಾಕು.

ಮೊದಲನೆಯದು ಮಂತ್ರಿ. ಇಂದು ಹಾಸಿನ ಮೇಲೆ ಅದರಷ್ಟು ಬಲದ ಕಾಯಿ ಬೇರೆ ಇಲ್ಲ. ಹಳೆಯ ಆಟದಲ್ಲಿ ಅದು ಓರೆಯಾಗಿ ಒಂದೇ ಒಂದು ಮನೆ ನಡೆಯುತ್ತಿತ್ತು. ಎಷ್ಟು ದೂರ ಬೇಕಾದರೂ ಓಡುವ ಶಕ್ತಿ ಅದಕ್ಕೆ ಸಿಕ್ಕಿದ್ದು ಯೂರೋಪಿನಲ್ಲಿ, 15ನೇ ಶತಮಾನದ ಕೊನೆಯ ಹೊತ್ತಿಗೆ. ಆಗ ಯಾರೋ ‘ಇದೇನು ಹೊಸ ಆಟ’ ಎಂದು ಗದರಿ ನಿಲ್ಲಿಸಿದ್ದರೆ ಇಂದಿನ ಚೆಸ್ ಇರುತ್ತಲೇ ಇರಲಿಲ್ಲ.

ಎರಡನೆಯದು ಆನೆ. ಹಳೆಯ ಪರ್ಷಿಯಾ ಮತ್ತು ಅರಬ್ ಆಟದಲ್ಲಿ ಆನೆ ಓರೆಯಾಗಿ ಎರಡನೇ ಮನೆಗೆ ಜಿಗಿಯುತ್ತಿತ್ತು. ಸುಮಾರು 1030ರಲ್ಲಿ ಭಾರತದ ಬಗ್ಗೆ ಬರೆದ ಅಲ್-ಬಿರೂನಿ ಇಲ್ಲಿ ಬೇರೆಯದೇ ನಡೆ ಕಂಡ: ಮುಂದಕ್ಕೆ ಒಂದು ಮನೆ, ಇಲ್ಲವೇ ನಾಲ್ಕು ಓರೆ ದಿಕ್ಕಿಗೆ ಒಂದು ಮನೆ. ಸೊಂಡಿಲು ಒಂದು, ಕಾಲು ನಾಲ್ಕು ಎಂಬುದು ಅದಕ್ಕೆ ಕೊಟ್ಟ ವಿವರಣೆ. ಥಾಯ್ಲೆಂಡಿನ ಚದುರಂಗದಲ್ಲಿ ಈ ಐದು ದಿಕ್ಕಿನ ನಡೆಯ ಕಾಯಿ ಇಂದಿಗೂ ಇದೆ. ನಾವು ಇಂದು ‘ಆನೆ’ ಎನ್ನುವ ಮೂಲೆಯ ಕಾಯಿ ನೇರವಾಗಿ ಓಡುತ್ತದೆ. ಒಂದೇ ಹೆಸರು, ಮೂರು ನಡೆ.

ಮೂರನೆಯದು ನಮ್ಮ ಹಿರಿಯರು ಆಡುತ್ತಿದ್ದ ನಾಟಿ ನಿಯಮಗಳು. ಭಾರತದ ಹಳೆಯ ಪದ್ಧತಿಯಲ್ಲಿ ಕಾಲಾಳು ಮೊದಲ ನಡೆಯಲ್ಲಿ ಎರಡು ಮನೆ ಹೋಗುವಂತಿಲ್ಲ. ರಾಜ ಚೆಕ್ ಬೀಳುವ ಮುನ್ನ ಒಂದೇ ಒಂದು ಸಲ ಕುದುರೆಯ ಹಾಗೆ ಜಿಗಿಯಬಹುದು. ಅಜ್ಜನೋ ಮಾವನೋ ಹೀಗೆ ಆಡಿದ್ದನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಅದು ಅವರ ತಪ್ಪಲ್ಲ, ಬೇರೆ ಪದ್ಧತಿ. ಪಂಜಾಬಿನ ಮೀರ್ ಸುಲ್ತಾನ್ ಖಾನ್ ಇದೇ ಪದ್ಧತಿಯಲ್ಲಿ ಆಡಿ ಬೆಳೆದವರು. ಆಮೇಲೆ ಅಂತರರಾಷ್ಟ್ರೀಯ ನಿಯಮ ಕಲಿತು 1929, 1932 ಮತ್ತು 1933ರಲ್ಲಿ ಬ್ರಿಟಿಷ್ ಚಾಂಪಿಯನ್ ಆದರು.

ಹೊಸ ಕಾಯಿ ಕಟ್ಟಿದವರು

ಸ್ಪೇನಿನ ದೊರೆ ಹತ್ತನೇ ಅಲ್ಫಾನ್ಸೊ 1283ರಲ್ಲಿ ಬರೆಸಿದ ಆಟಗಳ ಪುಸ್ತಕದಲ್ಲಿ 12x12 ಮನೆಗಳ ದೊಡ್ಡ ಚದುರಂಗವೊಂದಿದೆ. ಅದರಲ್ಲಿ ಸಿಂಹ, ಜಿರಾಫೆ, ದೈತ್ಯ ಹಕ್ಕಿ, ಮೊಸಳೆ ಎಲ್ಲ ಇವೆ. ಅಲ್ಲಿನ ಮೊಸಳೆ ನಡೆಯುವುದು ನಮ್ಮ ಇಂದಿನ ಒಂಟೆಯ ಹಾಗೆ, ಓರೆಯಾಗಿ ಎಷ್ಟು ದೂರಕ್ಕಾದರೂ.

ತೈಮೂರನ ಹೆಸರಿನ ಮಧ್ಯ ಏಷ್ಯಾದ ಚದುರಂಗದಲ್ಲಿ ಒಂಟೆ ಎಂಬ ಕಾಯಿಯೇ ಇತ್ತು. ಅದು ಒಂದು ದಿಕ್ಕಿಗೆ ಮೂರು ಮನೆ, ಪಕ್ಕಕ್ಕೆ ಒಂದು ಮನೆ, ಹೀಗೆ ಉದ್ದ ಕಾಲಿನ ಕುದುರೆಯಂತೆ ಜಿಗಿಯುತ್ತಿತ್ತು. ಚೀನಾದ ಚದುರಂಗದಲ್ಲಿ ಫಿರಂಗಿ ಇದೆ. ಅದು ನಮ್ಮ ಆನೆಯಂತೆ ನೇರ ಓಡುತ್ತದೆ, ಆದರೆ ಹೊಡೆಯಬೇಕಾದರೆ ನಡುವೆ ಸರಿಯಾಗಿ ಒಂದು ಕಾಯಿ ಅಡ್ಡ ಇರಲೇಬೇಕು. ಅದನ್ನು ಹಾರಿ ಆಚೆಯದನ್ನು ಹೊಡೆಯುತ್ತದೆ.

ಇಂಗ್ಲೆಂಡಿನ ಟಿ.ಆರ್. ಡಾಸನ್ ಎಂಬುವವರು 1913ರಲ್ಲಿ ‘ಮಿಡತೆ’ ಎಂಬ ಕಾಯಿ ಕಟ್ಟಿದರು. ಅದು ಮಂತ್ರಿಯ ಎಂಟು ದಿಕ್ಕುಗಳಲ್ಲಿ ಹೋಗುತ್ತದೆ, ಆದರೆ ದಾರಿಯಲ್ಲಿ ಸಿಕ್ಕ ಮೊದಲ ಕಾಯಿಯನ್ನು ಹಾರಿ ಅದರ ಪಕ್ಕದ ಮನೆಯಲ್ಲೇ ಇಳಿಯಬೇಕು. ಹಾರಲು ಕಾಯಿ ಇಲ್ಲದಿದ್ದರೆ ನಡೆಯೇ ಇಲ್ಲ. 1920ರ ದಶಕದಲ್ಲಿ ವಿಶ್ವ ಚಾಂಪಿಯನ್ ಕಾಪಬ್ಲಾಂಕಾ ಕೂಡ ಹಾಸನ್ನು ಅಗಲ ಮಾಡಿ, ಆನೆ-ಕುದುರೆ ಸೇರಿಸಿದ ಒಂದು ಕಾಯಿ, ಒಂಟೆ-ಕುದುರೆ ಸೇರಿಸಿದ ಇನ್ನೊಂದು ಕಾಯಿ ತರಬೇಕೆಂದರು. ವಿಶ್ವ ಚಾಂಪಿಯನ್ನರೇ ಹೀಗೆ ಮಾಡಿದ ಮೇಲೆ ಆರನೇ ಕ್ಲಾಸಿನ ಹುಡುಗನಿಗೆ ಬೇಡ ಎನ್ನಲು ನಾವು ಯಾರು?

ನಾಲ್ಕು ತಾಲ್ಲೂಕು, ನಾಲ್ಕು ಕಾಯಿ

ಹೊಸ ಕಾಯಿ ಎಂದರೆ ‘ಎಲ್ಲಿಗೆ ಬೇಕಾದರೂ ಹೋಗುತ್ತದೆ’ ಎಂದು ಹೇಳುವುದಲ್ಲ. ಅಂಥ ಕಾಯಿ ಆಟವನ್ನೇ ಕೊಲ್ಲುತ್ತದೆ. ಒಂದು ಶಕ್ತಿ ಕೊಟ್ಟರೆ ಒಂದು ಕೊರತೆಯನ್ನೂ ಕೊಡಬೇಕು. ಹುಡುಗನನ್ನು ಮತ್ತೆ ಕರೆದು ಕೂರಿಸಿಕೊಂಡು ನಾವು ನಾಲ್ಕು ಕಾಯಿ ಕಟ್ಟಿದೆವು. ಒಂದೊಂದೂ ಕಾಯಿ ಕಟ್ಟುವ ಒಂದೊಂದು ವಿಧಾನಕ್ಕೆ ಉದಾಹರಣೆ.

1. ಶ್ರೀರಂಗಪಟ್ಟಣದ ಮೊಸಳೆ: ನಡೆ ಬೇರೆ, ಹೊಡೆತ ಬೇರೆ. ರಂಗನತಿಟ್ಟಿನಲ್ಲಿ ದೋಣಿ ಹತ್ತಿದವರಿಗೆ ಗೊತ್ತು, ಬಂಡೆಯ ಮೇಲೆ ಮೊಸಳೆ ಅಲ್ಲಾಡದೆ ಬಿದ್ದಿರುತ್ತದೆ. ಆದರೆ ಬೇಟೆಗೆ ಎಗರಿದಾಗ ಕಣ್ಣಿಗೆ ಕಾಣದ ವೇಗ. ಹಾಗಾಗಿ ನಮ್ಮ ಮೊಸಳೆ ಸುಮ್ಮನೆ ನಡೆಯುವಾಗ ಹಿಂದೆ, ಮುಂದೆ, ಎಡ, ಬಲ ಒಂದೇ ಮನೆ. ಹೊಡೆಯುವಾಗ ಮಾತ್ರ ಎಂಟು ದಿಕ್ಕಿನಲ್ಲಿ ಎಲ್ಲಾದರೂ ಸರಿಯಾಗಿ ಎರಡನೇ ಮನೆಗೆ ಎಗರುತ್ತದೆ. ನಡುವೆ ಕಾಯಿ ಇದ್ದರೂ ಅಡ್ಡಿಯಿಲ್ಲ. ಕೊರತೆ ಏನು? ಪಕ್ಕದಲ್ಲೇ ಬಂದು ನಿಂತವರನ್ನು ಅದು ಮುಟ್ಟಲಾರದು. ನಡೆ ಬೇರೆ, ಹೊಡೆತ ಬೇರೆ ಎಂಬುದು ಹೊಸದೂ ಅಲ್ಲ. ಕಾಲಾಳು ನೇರ ನಡೆದು ಓರೆ ಹೊಡೆಯುವುದು ಇದೇ ತತ್ವದ ಮೇಲೆ.

2. ಕೆ.ಆರ್. ಪೇಟೆಯ ಕಾಡುಹಂದಿ: ಓಡಿದರೆ ನಿಲ್ಲುವ ಹಾಗಿಲ್ಲ. ಕಬ್ಬಿನ ಗದ್ದೆಗೆ ನುಗ್ಗಿದ ಹಂದಿ ಅಡ್ಡ ಏನಾದರೂ ಸಿಗುವ ತನಕ ನಿಲ್ಲುವುದಿಲ್ಲ. ನಮ್ಮ ಕಾಯಿಯೂ ಅಷ್ಟೇ. ಆನೆಯಂತೆ ನೇರ ಸಾಲಿನಲ್ಲಿ ಓಡುತ್ತದೆ, ಆದರೆ ನಡುವೆ ನಿಲ್ಲುವಂತಿಲ್ಲ. ಎದುರಾಳಿಯ ಕಾಯಿ ಸಿಕ್ಕರೆ ಹೊಡೆದು ಅಲ್ಲೇ ನಿಲ್ಲುತ್ತದೆ. ತನ್ನ ಕಡೆಯ ಕಾಯಿ ಸಿಕ್ಕರೆ ಅದರ ಹಿಂದೆ ನಿಲ್ಲುತ್ತದೆ. ಏನೂ ಸಿಗದಿದ್ದರೆ ಹಾಸಿನ ಅಂಚಿನಲ್ಲಿ.

3. ನಾಗಮಂಗಲದ ನವಿಲು: ಹಾರಲು ಇನ್ನೊಂದು ಕಾಯಿ ಬೇಕು. ಆದಿಚುಂಚನಗಿರಿಯ ಸುತ್ತ ನವಿಲುಧಾಮವಿದೆ. ನವಿಲು ಹೆಚ್ಚು ಹೊತ್ತು ನೆಲದ ಮೇಲೇ ನಡೆಯುತ್ತದೆ. ಬೇಲಿ ಅಡ್ಡ ಬಂದರೆ ಮಾತ್ರ ಹಾರಿ ಆಚೆ ಇಳಿಯುತ್ತದೆ. ನಮ್ಮ ನವಿಲು ರಾಜನಂತೆ ಯಾವ ದಿಕ್ಕಿಗಾದರೂ ಒಂದು ಮನೆ ನಡೆಯಬಹುದು, ಆದರೆ ಹಾಗೆ ನಡೆಯುವಾಗ ಹೊಡೆಯುವಂತಿಲ್ಲ. ಹೊಡೆಯಬೇಕಾದರೆ ಡಾಸನ್ನರ ಮಿಡತೆಯ ಹಾಗೆ ಸಾಲಿನಲ್ಲಿ ಸಿಕ್ಕ ಮೊದಲ ಕಾಯಿಯನ್ನು ಹಾರಿ ಅದರ ಪಕ್ಕದ ಮನೆಯಲ್ಲಿರುವುದನ್ನು ಹೊಡೆಯಬೇಕು. ಇದರ ಮಜಾ ಗಮನಿಸಿ: ನವಿಲಿನ ಚೆಕ್ ತಪ್ಪಿಸಲು ನಡುವಿನ ‘ಬೇಲಿ’ಯನ್ನೇ ಪಕ್ಕಕ್ಕೆ ಸರಿಸಿದರೆ ಸಾಕು. ಮಾಮೂಲಿ ಚೆಸ್‌ನಲ್ಲಿ ಚೆಕ್ ತಪ್ಪಿಸಲು ಕಾಯಿ ಅಡ್ಡ ತರುತ್ತೇವೆ. ಇಲ್ಲಿ ಅಡ್ಡ ಇದ್ದದ್ದನ್ನು ತೆಗೆಯುತ್ತೇವೆ.

4. ಪಾಂಡವಪುರದ ಗಾಡಿ: ಆಟದ ನಡುವೆ ಗುಣ ಬದಲಿಸುವ ಕಾಯಿ. ಸಕ್ಕರೆ ಕಾರ್ಖಾನೆಗೆ ಕಬ್ಬು ಹೊತ್ತು ಹೋಗುವ ಎತ್ತಿನಗಾಡಿ ಮತ್ತು ಖಾಲಿ ಮಾಡಿಕೊಂಡು ಬರುವ ಗಾಡಿ, ಎರಡರ ವೇಗ ಒಂದೇ ಅಲ್ಲ. ಖಾಲಿ ಗಾಡಿ ನೇರ ಸಾಲಿನಲ್ಲಿ ಮೂರು ಮನೆಗಳವರೆಗೆ ಹೋಗುತ್ತದೆ, ಹೊಡೆಯುತ್ತದೆ. ಹೊಡೆದ ಕೂಡಲೇ ಅದು ‘ತುಂಬಿದ ಗಾಡಿ’. ಆಮೇಲೆ ಒಂದೊಂದೇ ಮನೆ ನೇರ ನಡೆಯಬೇಕು, ಹೊಡೆಯುವಂತಿಲ್ಲ. ತನ್ನ ಕಡೆಯ ಮೊದಲ ಸಾಲಿಗೆ ಮರಳಿದರೆ ಮತ್ತೆ ಖಾಲಿ. ಗುರುತಿಗೆ ಸೋಡಾ ಮುಚ್ಚಳ ಚೆನ್ನಾಗಿ ಒಪ್ಪುತ್ತದೆ: ಮಗುಚಿ ಇಟ್ಟರೆ ಖಾಲಿ, ಅಂಗಾತ ಇಟ್ಟರೆ ತುಂಬಿದ್ದು. ಜಪಾನಿನ ಚದುರಂಗದಲ್ಲೂ ಕಾಯಿಗೆ ಬಡ್ತಿ ಸಿಕ್ಕಾಗ ಅದನ್ನು ತಿರುವಿ ಹಾಕುತ್ತಾರೆ.

ಕಾಯಿಯ ಬಲ ಅಳೆಯುವುದು ಹೇಗೆ?

ಸುಲಭದ ಲೆಕ್ಕವೊಂದಿದೆ. ಖಾಲಿ ಹಾಸಿನ 64 ಮನೆಗಳಲ್ಲಿ ಒಂದೊಂದರಲ್ಲೂ ಕಾಯಿ ಇಟ್ಟು, ಅಲ್ಲಿಂದ ಎಷ್ಟು ಮನೆಗೆ ಹೋಗಬಹುದು ಎಂದು ಎಣಿಸಿ. ಎಲ್ಲ ಕೂಡಿಸಿ 64ರಿಂದ ಭಾಗಿಸಿ. ಹೀಗೆ ಮಾಡಿದರೆ ಕುದುರೆಗೆ ಸರಾಸರಿ 5.25, ಒಂಟೆಗೆ 8.75, ಆನೆಗೆ 14, ಮಂತ್ರಿಗೆ 22.75 ಬರುತ್ತದೆ.

ಮೊಸಳೆಯ ಹೊಡೆತವನ್ನು ಎಣಿಸಿದಾಗ ನಮಗೇ ಆಶ್ಚರ್ಯವಾಯಿತು. ನೇರ ಎಗರುವ ಮನೆಗಳು ಒಟ್ಟು 192, ಓರೆ ಎಗರುವ ಮನೆಗಳು 144. ಕೂಡಿಸಿದರೆ 336. ಸರಾಸರಿ 5.25, ಸರಿಯಾಗಿ ಕುದುರೆಯಷ್ಟೇ! ಆದರೆ ಹೊಡೆಯದೆ ನಡೆಯುವಾಗ ಮೊಸಳೆಯದು ಬರೀ 3.5. ಆದ್ದರಿಂದ ಅದು ಕುದುರೆಗಿಂತ ಸ್ವಲ್ಪ ಕಡಿಮೆ ಎಂದು ಊಹಿಸಬಹುದು. ಕುದುರೆಯ ಜಾಗದಲ್ಲಿ ಇಡಲು ತಕ್ಕ ಕಾಯಿ.

ಎಣಿಕೆ ಒಂದೇ ಸಾಲದು. ಕಾಯಿ ಹಾಸಿನ ಎಷ್ಟು ಭಾಗ ತಲುಪಬಲ್ಲದು ಎಂಬುದೂ ಮುಖ್ಯ. ಒಂಟೆ ಹುಟ್ಟಿದ ಬಣ್ಣ ಬಿಡುವುದಿಲ್ಲ, 64ರಲ್ಲಿ 32 ಮನೆ ಮಾತ್ರ ಅದರದು. ತೈಮೂರನ ಆಟದ ಜಿಗಿಯುವ ಒಂಟೆಗೂ ಇದೇ ಗತಿ: ಮೂರು ಮತ್ತೊಂದು ನಾಲ್ಕು, ಸಮಸಂಖ್ಯೆ, ಹಾಗಾಗಿ ಬಣ್ಣ ಬದಲಾಗದು. ಓರೆ ಎರಡು ಮನೆ ಜಿಗಿಯುತ್ತಿದ್ದ ಹಳೆಯ ಆನೆ ಆಟ ಪೂರ್ತಿ ತಿರುಗಿದರೂ ಮುಟ್ಟುವುದು 8 ಮನೆಗಳನ್ನಷ್ಟೇ.

ಆಡಿದಾಗಲೇ ಗೊತ್ತಾಗುವ ತೂತುಗಳು

ಕಾಗದದ ಮೇಲೆ ಚೆನ್ನಾಗಿ ಕಂಡ ನಿಯಮ ಆಡುವಾಗ ಹರಿಯುತ್ತದೆ. ನಮಗೂ ಹಾಗೇ ಆಯಿತು.

ಕಾಡುಹಂದಿ ಆಟದ ಮೊದಲಲ್ಲಿ ಭಯಂಕರವಾಗಿತ್ತು. ಕಾಯಿಗಳು ಕಡಿಮೆಯಾದಂತೆ ಅದಕ್ಕೆ ಅಡ್ಡ ಸಿಗುವುದು ನಿಂತಿತು. ಮೊದಲು ಅಂಚಿಗೆ ಓಡಿತು, ಅಲ್ಲಿಂದ ಮೂಲೆಗೆ. ಖಾಲಿ ಹಾಸಿನಲ್ಲಿ ಒಮ್ಮೆ ಮೂಲೆ ಸೇರಿದರೆ ಮುಗಿಯಿತು, ಮೂಲೆಯಿಂದ ಮೂಲೆಗೆ ಸುತ್ತುವುದೇ ಅದರ ಪಾಡು. ಆಗ ಹುಡುಗ ಹೇಳಿದ: ‘ಹಂದಿ ಯಾವಾಗ್ಲೂ ಓಡ್ತಾ ಇರಲ್ಲ ಚಿಕ್ಕಿ, ಮೇಯ್ತಾ ನಡೆಯುತ್ತೆ ಕೂಡ.’ ಸರಿ, ತಿದ್ದಿದೆವು. ಹೊಡೆಯದೆ ನೇರ ಒಂದು ಮನೆ ನಡೆಯಬಹುದು, ಇಲ್ಲವೇ ಕೊನೆಯವರೆಗೆ ಓಡಬೇಕು. ಈಗ ಅದು ಯಾವ ಮನೆಗಾದರೂ ತಲುಪುತ್ತದೆ.

ಗಾಡಿಯದು ಬೇರೆ ತಕರಾರು. ತನ್ನ ಮೊದಲ ಸಾಲಿನಲ್ಲೇ ನಿಂತು ಅಲ್ಲಿಗೆ ನುಗ್ಗಿದ ಕಾಯಿಯನ್ನು ಅದೇ ಸಾಲಿನಲ್ಲಿ ಹೊಡೆದರೆ ಗಾಡಿ ತುಂಬಿದ್ದೋ ಖಾಲಿಯೋ? ಹತ್ತು ನಿಮಿಷ ವಾದ ನಡೆಯಿತು. ಕೊನೆಗೆ ‘ಅಲ್ಲೇ ಹೊಡೆದರೆ ಅಲ್ಲೇ ಇಳಿಸಿದ ಹಾಗೆ, ಖಾಲಿ’ ಎಂದು ಬರೆದುಕೊಂಡೆವು.

ನೀವು ಕಟ್ಟುವ ಕಾಯಿಗೂ ಈ ಐದು ಪ್ರಶ್ನೆ ಕೇಳಿ:

- ಸುಮ್ಮನೆ ನಡೆಯುವುದು ಹೇಗೆ, ಹೊಡೆಯುವುದು ಹೇಗೆ? ಎರಡನ್ನೂ ಬೇರೆ ಬೇರೆ ಬರೆದಿದ್ದೀರಾ?
- ಅಡ್ಡ ಇರುವ ಕಾಯಿಯನ್ನು ಹಾರುತ್ತದೆಯೋ, ಇಲ್ಲವೋ?
- ಆಟ ಶುರುವಾದ ಮೊದಲ ನಡೆಯಲ್ಲೇ ಎದುರಾಳಿಯ ಕಾಯಿ ಹೊಡೆಯುವಂತಿದೆಯೇ? ಇದ್ದರೆ ಮೊದಲು ಆಡಿದವರೇ ಗೆಲ್ಲುತ್ತಾರೆ.
- ಹಾಸು ಖಾಲಿಯಾದಾಗ ಅದು ಎಲ್ಲಾದರೂ ಸಿಕ್ಕಿಬೀಳುತ್ತದೆಯೇ?
- ರಾಜನಿಗೆ ಅದು ಯಾವಾಗ ಚೆಕ್ ಕೊಡುತ್ತದೆ ಎಂದು ಎದುರಿನವರಿಗೂ ಸ್ಪಷ್ಟವಾಗಿದೆಯೇ?

ಒಂದು ಸಲಕ್ಕೆ ಒಂದೇ ಬಗೆಯ ಕಾಯಿ ಬದಲಿಸಿ, ಇಬ್ಬರೂ ಆಟಗಾರರಿಗೆ ಸಮವಾಗಿ ಕೊಡಿ. ನಾಲ್ಕನ್ನೂ ಒಟ್ಟಿಗೆ ತಂದರೆ ಯಾವುದರಿಂದ ಆಟ ಕೆಟ್ಟಿತು ಎಂದು ತಿಳಿಯುವುದಿಲ್ಲ. ಬದಲಿಸಿದ ಪ್ರತಿ ನಿಯಮವನ್ನೂ ಬರೆದಿಡಿ. ಬಾಯಿಮಾತಿನ ನಿಯಮ ಸೋಲುವ ಹೊತ್ತಿಗೆ ಬದಲಾಗುತ್ತದೆ.

ಹೊಸ ಕಾಯಿ ಕಟ್ಟಿದರೆ ಮಕ್ಕಳ ಬುದ್ಧಿ ಹೆಚ್ಚುತ್ತದೆಯೇ?

‘ಚೆಸ್ ಆಡಿದರೆ ಗಣಿತದಲ್ಲಿ ಮುಂದೆ ಬರುತ್ತಾರೆ’ ಎಂಬ ಫಾರ್ವರ್ಡ್ ಕೂಡ ಸುತ್ತುತ್ತಿದೆ. ಇಂಗ್ಲೆಂಡಿನಲ್ಲಿ 100 ಶಾಲೆಗಳ ಸುಮಾರು 4,000 ಮಕ್ಕಳನ್ನು ಸೇರಿಸಿಕೊಂಡು ಇದನ್ನು ಪರೀಕ್ಷಿಸಿದರು. ಅರ್ಧ ಶಾಲೆಗಳಲ್ಲಿ ಚೆಸ್ ಪಾಠ, ಉಳಿದರ್ಧದಲ್ಲಿ ಇಲ್ಲ. ಪಾಠ ಮುಗಿದು ಒಂದು ವರ್ಷದ ನಂತರ ಗಣಿತದ ಅಂಕಗಳಲ್ಲಿ ವ್ಯತ್ಯಾಸ ಕಾಣಲಿಲ್ಲ ಎಂದು 2016ರ ವರದಿ ಹೇಳಿತು. ಚೆಸ್ ಆಡುವುದರಿಂದ ಖಂಡಿತ ಬರುವುದು ಚೆಸ್. ಕಾಯಿ ಕಟ್ಟುವುದರಿಂದ ಅಂಕ ಹೆಚ್ಚುತ್ತದೆ ಎಂದು ನಾವೂ ಹೇಳುವುದಿಲ್ಲ. ನಿಯಮವೆಂಬುದು ಮನುಷ್ಯರು ಯೋಚಿಸಿ, ಜಗಳ ಆಡಿ, ಒಪ್ಪಿ ಬರೆದದ್ದು ಎಂಬುದು ಮಗುವಿಗೆ ಕಣ್ಣಾರೆ ಕಾಣುತ್ತದೆ. ಅಷ್ಟು ಸಾಕು.

ಟೂರ್ನಿಯಲ್ಲಿ ಈ ಕಾಯಿ ಇಡಬಹುದೇ?

ಇಡುವಂತಿಲ್ಲ. ಶಾಲೆ, ಜಿಲ್ಲೆ, ರಾಜ್ಯ ಮಟ್ಟದ ಪಂದ್ಯಗಳು ಅಂತರರಾಷ್ಟ್ರೀಯ ಚೆಸ್ ಒಕ್ಕೂಟದ, ಅಂದರೆ ಫಿಡೆಯ ನಿಯಮದ ಪ್ರಕಾರವೇ ನಡೆಯುತ್ತವೆ. ಪಂದ್ಯಕ್ಕೆ ತಯಾರಾಗುವ ಮಕ್ಕಳು ಆ ನಿಯಮವನ್ನು ಚೆನ್ನಾಗಿ ಕಲಿಯಲೇಬೇಕು. ಆದರೆ ಒಂದೇ ನಿಯಮ ಎಂಬ ಹಟ ಆ ಒಕ್ಕೂಟಕ್ಕೂ ಇಲ್ಲ. ಮೊದಲ ಸಾಲಿನ ಕಾಯಿಗಳನ್ನು ಚೀಟಿ ಎತ್ತಿದ ಹಾಗೆ 960 ರೀತಿಯಲ್ಲಿ ಜೋಡಿಸಬಹುದಾದ ಚೆಸ್ ಒಂದಿದೆ. ಬಾಬಿ ಫಿಷರ್ 1996ರಲ್ಲಿ ಪ್ರಕಟಿಸಿದ ಆ ಆಟಕ್ಕೆ 2019ರಲ್ಲಿ ಫಿಡೆ ತಾನೇ ವಿಶ್ವ ಚಾಂಪಿಯನ್‌ಶಿಪ್ ನಡೆಸಿತು.

ಫಾರ್ವರ್ಡ್ ಮಾಡುವ ಮುನ್ನ

ಅಲ್ಫಾನ್ಸೊನ ಪುಸ್ತಕವು ತನ್ನ ದೊಡ್ಡ ಚದುರಂಗ ಭಾರತದಲ್ಲಿ ಹುಟ್ಟಿದ್ದು, ಅಲ್ಲಿನ ಹಳೆಯ ಅರಸರದ್ದು ಎನ್ನುತ್ತದೆ. ಆಟಕ್ಕೆ ದೂರದ ದೇಶದ, ಹಳೆಯ ಕಾಲದ ಹೆಸರು ಹಚ್ಚಿದರೆ ಬೆಲೆ ಹೆಚ್ಚುತ್ತದೆ ಎಂಬ ಆಸೆ ವಾಟ್ಸಾಪ್‌ಗಿಂತ ಬಹಳ ಹಿಂದಿನದು.

ಅದಕ್ಕೇ ಒಂದು ಮಾತನ್ನು ಇಲ್ಲೇ ಸ್ಪಷ್ಟವಾಗಿ ಹೇಳಿಬಿಡುತ್ತೇವೆ. ಮೇಲಿನ ಮೊಸಳೆ, ಕಾಡುಹಂದಿ, ನವಿಲು, ಗಾಡಿ ಯಾವ ತಾಳೆಗರಿಯಲ್ಲೂ ಇಲ್ಲ, ಯಾವ ದೇವಸ್ಥಾನದ ಕಲ್ಲಿನ ಮೇಲೂ ಇಲ್ಲ, ಯಾವ ಮಹಾರಾಜರ ಗ್ರಂಥದಲ್ಲೂ ಇಲ್ಲ. ಒಂದು ಮಧ್ಯಾಹ್ನ, ಪಾಂಡವಪುರದ ಹತ್ತಿರದ ಒಂದು ಜಗಲಿಯ ಮೇಲೆ, ಒಬ್ಬ ಹುಡುಗ ಮತ್ತು ಅವನ ಚಿಕ್ಕಮ್ಮ ಕೂತು ಕಟ್ಟಿದ್ದು. ನಾಳೆ ಯಾರಾದರೂ ‘ಶ್ರೀರಂಗಪಟ್ಟಣದ ಪುರಾತನ ಚದುರಂಗದ ಮೊಸಳೆ ಕಾಯಿ’ ಎಂದು ನಿಮಗೆ ಕಳಿಸಿದರೆ ನಂಬಬೇಡಿ, ಈ ಲೇಖನ ಕಳಿಸಿ.

ನೀವೂ ಕಾಯಿ ಕಟ್ಟಿದರೆ ಅದರ ಜೊತೆ ಕಟ್ಟಿದವರ ಹೆಸರು, ಊರು, ತಾರೀಖು ಬರೆಯಿರಿ. ಹೊಸದು ಎಂದು ಹೇಳಿಕೊಳ್ಳುವುದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಚಿಕ್ಕಪ್ಪನ ಕಥೆ ಏನಾಯಿತು ಎಂದು ಕೇಳುವಿರಾದರೆ: ಸಂಜೆ ಕಾಫಿ ಕುಡಿಯುತ್ತಾ ಹಾಸಿನ ಪಕ್ಕ ಬಂದು ನಿಂತರು. ಸ್ವಲ್ಪ ಹೊತ್ತು ಸುಮ್ಮನೆ ನೋಡಿದರು. ಆಮೇಲೆ, ‘ಹಂದಿ ನಮ್ಮ ಕಡೇದು ತಾನೇ? ಅದನ್ನ ನನಗೆ ಕೊಡ್ರಪ್ಪ’ ಎಂದು ಕೂತರು. ಹುಡುಗ ಮೊಸಳೆಯಿಂದ ಅವರ ಮಂತ್ರಿಯನ್ನು ಹೊಡೆದ. ಗ್ರೂಪಿನ ಆ ಸಂದೇಶವನ್ನು ಅವರು ಇನ್ನೂ ಅಳಿಸಿಲ್ಲ. ಆದರೆ ಅದರ ಕೆಳಗೆ ಹುಡುಗನ ನಾಲ್ಕು ಮುಚ್ಚಳಗಳ ಫೋಟೋ ಹಾಕಿದ್ದಾರೆ, ಅವನ ಹೆಸರು ಮತ್ತು ತಾರೀಖಿನ ಸಮೇತ.